ವೆಂಕಟಯ್ಯನವರು ಉಂಡು ಹೋದದ್ದು

ಸತ್ತವರಿಗೆ ರಜಾ ಕೇಳುವ ತಾಪತ್ರಯವಿಲ್ಲ. ಪಿತೃಪಕ್ಷ ಬಂತೆಂದರೆ ಯಾವ ಸೂಪರ್‌ವೈಸರನ ಮುಂದೆಯೂ ಕೈ ಕಟ್ಟಿ ನಿಲ್ಲದೆ, ಬಸ್ಸಿಗೆ ಕಾಯದೆ, ನೇರ ಎಲೆಯ ಮುಂದೆ ಬಂದು ಕೂರುತ್ತಾರೆ. ಬದುಕಿರುವವರು ಮಾತ್ರ ಅರ್ಜಿ ಹಾಕಿಕೊಂಡು ಸಾಯಬೇಕು.

ಮಾಗಡಿ ತಾಲ್ಲೂಕು ಸೀಗೆಪಾಳ್ಯದ ದಾಸಮ್ಮನ ಮಗ ಕಬ್ಬಾಳಯ್ಯ ಹೀಗೇ ಒಂದು ಅರ್ಜಿ ಹಾಕಿದ್ದ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಅವನಿಗೆ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಮಾರಲಮಿ ಅಮಾವಾಸ್ಯೆಗೆ, ಅಂದರೆ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ, ಒಂದು ದಿನ ಊರಿಗೆ ಹೋಗಿ ಬರುತ್ತೇನೆಂದು ಸೂಪರ್‌ವೈಸರನ ಮುಂದೆ ನಿಂತ.

"ಯಾರು ಸತ್ತಿರೋದು?"

"ನಮ್ ತಾತ ಸಾರ್."

"ಯಾವಾಗ?"

"ಎರಡು ವರ್ಷ ಆಯ್ತು ಸಾರ್."

"ಎರಡು ವರ್ಷದ ಹಿಂದೆ ಸತ್ತೋನಿಗೆ ಇವತ್ತು ರಜಾನಾ? ಹೊಸಬ ನೀನು. ಹೋಗು, ಸಾಂಬಾರ್ ಬಕೆಟ್ ಎತ್ತು."

ಸಾಂಬಾರ್ ಬಕೆಟ್ ಎಂದನಲ್ಲ, ಅದನ್ನು ಇಲ್ಲೇ ಬಿಡಿಸಿ ಹೇಳಿಬಿಡಬೇಕು. ಕಬ್ಬಾಳ ಕಾರು ಫ್ಯಾಕ್ಟರಿಯಲ್ಲಿ ಕಾರು ಮಾಡುತ್ತಾನೆ ಎಂಬುದು ಸೀಗೆಪಾಳ್ಯದ ನಂಬಿಕೆ. ಹಾಗೆಂದು ಅವನು ಯಾರಿಗೂ ಹೇಳಿರಲಿಲ್ಲ. ಹಾಗಲ್ಲ ಎಂದೂ ಹೇಳಿರಲಿಲ್ಲ. ಊರಿನವರು ಮೊದಲು ಅವನ ಕೈಗೆ ಸ್ಪ್ಯಾನರ್ ಕೊಟ್ಟರು, ಆಮೇಲೆ ಸ್ಟೇರಿಂಗ್ ಕೂರಿಸುವ ಕೆಲಸ ಕೊಟ್ಟರು, ಆಯುಧಪೂಜೆ ಹತ್ತಿರವಾಗುವ ಹೊತ್ತಿಗೆ ಇಂಜಿನ್ನಿನವರೆಗೂ ತಂದು ನಿಲ್ಲಿಸಿದ್ದರು. ನಿಜದಲ್ಲಿ ಅವನು ಅಲ್ಲಿನ ಕ್ಯಾಂಟೀನಿನಲ್ಲಿ ಕಂಟ್ರಾಕ್ಟರನ ಕಡೆಯ ಆಳು. ಬಡಿಸುವುದು, ಬಳಿಯುವುದು, ತೊಳೆಯುವುದು. ಕಾರು ಮಾಡುವುದನ್ನು ಅವನು ಒಂದು ದಿನವೂ ಕಂಡವನಲ್ಲ. ಕಾರು ಮಾಡುವವರ ಬಾಯಿಗಳನ್ನು ಕಂಡಿದ್ದ. ಆ ಬಾಯಿಗಳು ಅನ್ನ ಕೇಳುವಾಗ ಮಾತ್ರ ಅವನತ್ತ ತಿರುಗುತ್ತಿದ್ದವು.

ಶಿಫ್ಟಿನವರೆಲ್ಲ ಉಂಡೆದ್ದ ಮೇಲೆ ತಟ್ಟೆ ತೊಳೆಯುವ ಕಟ್ಟೆಯ ಪಕ್ಕ ನಿಂತು ಅವನ ಊಟ. ಕೂರಲು ಜಾಗವಿರಲಿಲ್ಲ ಎಂದಲ್ಲ. ಸಾವಿರ ಖಾಲಿ ಕುರ್ಚಿಗಳಿದ್ದವು. ಸಾವಿರ ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತು ಉಣ್ಣುವುದು ಎಂಥ ಗಂಡಸಿಗೂ ಆಗದ ಕೆಲಸ. ರೂಮಿಗೆ ಹೋದರೆ ಶೀಟಿನ ಮಾಡು, ಒಂದು ಬಲ್ಬು, ಗೋಡೆಯಾಚೆ ಯಾವುದೋ ಭಾಷೆಯಲ್ಲಿ ಫೋನಿಗೆ ಅಳುವ ಯಾರೋ. ಹಾಗಾಗಿ ಕಬ್ಬಾಳನ ಆಸೆ ತೀರಾ ಸಣ್ಣದಾಗಿತ್ತು. ಹಬ್ಬದ ದಿನ ಅವ್ವನ ಎದುರು, ತಂಗಿ ಅನುಷಾಳ ಪಕ್ಕ ಚಕ್ಕಳಬಕ್ಕಳ ಹಾಕಿ ಕೂತು ಒಂದು ಎಲೆ ಊಟ. ಅಷ್ಟೇ.

ರಜಾ ಇಲ್ಲವೆಂದು ಅವ್ವನಿಗೆ ಫೋನಿನಲ್ಲಿ ಹೇಳಿದ.

"ಆಗ್ಲಿ ಬುಡು ಮಗ. ಹೊಸ ಕೆಲ್ಸ. ಅಲ್ಲೇ ಏನಾರಾ ಉಣ್ಣು," ಎಂದಳು ದಾಸಮ್ಮ. ಇನ್ನೇನನ್ನೋ ಹೇಳಲು ಬಾಯಿ ತೆರೆದು, ಬರಲಾರದ ಹುಡುಗನಿಗೆ ಹೇಳಿ ಹೊಟ್ಟೆ ಉರಿಸುವುದೇಕೆಂದು ಸುಮ್ಮನಾದಳು. ಮುಂದಿನ ಅನಾಹುತಕ್ಕೆಲ್ಲ ತಾಯಿಯ ಈ ಕರುಣೆಯೇ ಕಾರಣ.

ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಸೂಪರ್‌ವೈಸರೇ ಇಲ್ಲ. ತನ್ನ ತಾತನಿಗೆ ಎಡೆ ಇಡಲು ಊರಿಗೆ ಹೋಗಿದ್ದ. ಅವನ ತಾತ ಸತ್ತು ಎಷ್ಟು ವರ್ಷವಾಗಿತ್ತೆಂದು ಯಾರೂ ಕೇಳಲಿಲ್ಲ. ಸೂಪರ್‌ವೈಸರುಗಳ ತಾತಂದಿರು ಯಾವಾಗಲೂ ಹೊಸದಾಗಿಯೇ ಸತ್ತಿರುತ್ತಾರೆ.

ಜೊತೆಗೆ ಬಡಿಸುವ ಆಫ್ತಾಬ್ ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗ. ಅವನೇ ಕಬ್ಬಾಳನ ಕೈಯಿಂದ ಸೌಟು ಕಿತ್ತುಕೊಂಡ. "ಹೋಗೋ ಭಾಯ್. ನಿನ್ ಕೌಂಟರ್ ನಾನು ನೋಡ್ಕತೀನಿ. ರಾತ್ರಿ ಶಿಫ್ಟಿಗೆ ಬಂದ್ಬುಡು, ಅಷ್ಟೇ."

"ನನ್ ಫೋನ್ ಸತ್ತೋಗೈತಲ್ಲೋ. ಅವ್ವಂಗೆ ಬತ್ತೀನಿ ಅಂತ ಹೇಳ್ಬೇಕಿತ್ತು."

"ನಂಬರ್ ಐತೆ ನನ್ ಹತ್ರ. ನಾನ್ ಹೇಳ್ತೀನಿ. ಬಸ್ ಹಿಡಿ ನೀನು!"

ಆಫ್ತಾಬ್ ಮಾತಿಗೆ ತಪ್ಪುವ ಹುಡುಗನಲ್ಲ. ಆದರೆ ಆ ಕ್ಷಣಕ್ಕೆ ಗಂಟೆ ಹೊಡೆಯಿತು, ಎರಡು ಕೌಂಟರಿಗೂ ಜನ ಮುಗಿಬಿದ್ದರು. ಎರಡು ಕೈಯಲ್ಲಿ ಎರಡು ಸೌಟು ಹಿಡಿದವನು ಮೂರನೆಯ ಕೈಯಿಂದ ಫೋನ್ ಮಾಡಬೇಕಿತ್ತು.

ಇತ್ತ ಸೀಗೆಪಾಳ್ಯದಲ್ಲಿ ಆ ದಿನ ಹಬ್ಬ ನಡೆಯುತ್ತಿರಲಿಲ್ಲ, ಯುದ್ಧ ನಡೆಯುತ್ತಿತ್ತು.

ಕಬ್ಬಾಳನ ತಾತ ವೆಂಕಟಯ್ಯನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಮಾಯಣ್ಣ. ಕಿರಿಯವನು ದಾಸಮ್ಮನ ಗಂಡ, ಹೋಗಿ ಬಹಳ ಕಾಲವಾಯಿತು. ಭಾಗವಾಗಿ ಮನೆಯ ನಡುವೆ ಗೋಡೆ ಎದ್ದಾಗ, ಬಾವಿಯ ಕಡೆಯ ಅರ್ಧ ತನಗಿರಲಿ ಎಂದು ದಾಸಮ್ಮ ಕೇಳಿದಳು. ಸೊಸೆ ಬಾಯಿಬಿಟ್ಟು ಕೇಳಿದಳೆಂಬುದೇ ಮುದುಕನಿಗೆ ಸಿಟ್ಟು. "ನಿನ್ ಮನೆ ಹೊಸ್ಲು ತುಳಿದ್ರೆ ನನ್ನ ವೆಂಕಟಯ್ಯ ಅನ್ಬೇಡ" ಎಂದು ಊರ ಮುಂದೆ ಆಣೆಯಿಟ್ಟು, ಹಿರಿಮಗನ ಪಾಲಿಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಸತ್ತ. ಅಂದಿನಿಂದ ದಾಸಮ್ಮ ಮಾವನಿಗೆ ಬೇಡವಾದ ಸೊಸೆ. ನಲ್ಲಿಯ ಹತ್ತಿರ ಜಗಳವಾದರೂ, ಕುರಿ ಬೇಲಿ ಹಾರಿದರೂ ಈ ಮಾತನ್ನು ಎತ್ತಿ ಅವಳ ಮುಖಕ್ಕೆ ಹೊಡೆಯುತ್ತಿದ್ದರು. ಎಡೆ ಏನಿದ್ದರೂ ಮಾಯಣ್ಣನ ಮನೆಯಲ್ಲಿ. ದಾಸಮ್ಮ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಅವನ ಹೆಂಡತಿ ಹಾಕಿದಷ್ಟು ಉಂಡು ಬರಬೇಕು.

ಈ ವರ್ಷ ಮಗ ದುಡಿಯುತ್ತಿದ್ದಾನಲ್ಲ, ದಾಸಮ್ಮನಿಗೆ ಧೈರ್ಯ ಬಂದಿತ್ತು.

"ಭಾವ, ನಮ್ಮಾವಂಗೆ ಈ ಸಲ ನಮ್ಮನೇಲೂ ಒಂದು ಎಲೆ ಇಕ್ತೀನಿ. ಪೋಟ ಒಂದ್ ದಿನಕ್ಕೆ ಕೊಡಿ."

ಮಾಯಣ್ಣ ನಕ್ಕ ನಗುವಿಗೆ ಅವನ ಕುರಿಗಳು ತಲೆಯೆತ್ತಿ ನೋಡಿದವು. "ಇಕ್ಕಮ್ಮ ಇಕ್ಕು. ಕಾಗೆನೂ ಮೂಸಾಕಿಲ್ಲ ನಿನ್ ಎಲೆಯ. ಪೋಟ ಗೀಟ ಕೊಡಾಕಿಲ್ಲ. ಸಾಯೋಗಂಟ ಬರ್ದಿದ್ದೋನು ಸತ್ ಮ್ಯಾಲೆ ಬಂದಾನಾ?"

ದಾಸಮ್ಮ ಬಿಡಲಿಲ್ಲ. ಫೋಟೋ ಇಲ್ಲದಿದ್ದರೆ ಬೇಡವೆಂದು ಬರೀ ಗೋಡೆಯ ಮುಂದೆ ಬಾಳೆಲೆ ಹಾಸಿದಳು. ಮುದ್ದೆ, ನಾಟಿಕೋಳಿ ಸಾರು, ಬೇಯಿಸಿದ ಮೊಟ್ಟೆ, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಬಿಳಿ ಅಂಗಿ. ಮುದುಕನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂದಿ. ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ನಾಚಿಕೆ ಬಿಟ್ಟು ಉಣ್ಣಲೆಂದು ಮುಂಬಾಗಿಲು ಎಳೆದುಕೊಂಡು ಆಚೆ ಬಂದಳು. ಎಡೆ ಇಟ್ಟ ಮೇಲೆ ಮನೆಯಲ್ಲಿ ಯಾರೂ ಇರಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ಬಡಿದು, ಹಿರಿಯರಿಗೆ ಏಳಲು ಅವಕಾಶ ಕೊಟ್ಟು ಒಳಗೆ ಹೋಗಬೇಕು. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ; ಅವರು ಉಂಡರೆಂದು ನಾವು ಅಂದುಕೊಂಡು, ಅದನ್ನೇ ನಾವು ಉಣ್ಣುತ್ತೇವೆ. ತಲೆತಲಾಂತರದಿಂದ ಸತ್ತವರಿಗೂ ಬದುಕಿದವರಿಗೂ ಇರುವ ಒಪ್ಪಂದ ಇದು. ಇದುವರೆಗೆ ಎರಡೂ ಕಡೆಯವರು ಮುರಿದಿರಲಿಲ್ಲ.

ಎದುರುಮನೆ ದೊಡ್ಡಲಕ್ಷ್ಮಮ್ಮನ ಜಗಲಿಯ ಮೇಲೆ ಎಲ್ಲರೂ ಕೂತರು. ಮಾಯಣ್ಣನೂ ಬಂದು ಕೂತ. ಅವನ ಮನೆಯ ಎಡೆ ಬೆಳಿಗ್ಗೆಯೇ ಮುಗಿದಿತ್ತು. ಇಲ್ಲಿ ಅವನು ಬಂದದ್ದು ನಗಲಿಕ್ಕೆ.

ಅದೇ ಹೊತ್ತಿಗೆ ಕಬ್ಬಾಳ ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಹೊಲದ ಅಡ್ಡದಾರಿ ಹಿಡಿದಿದ್ದ. ಮಳೆ ನಿಂತ ಮೇಲಿನ ಆಕಾಶ ತೊಳೆದ ತಟ್ಟೆಯಂತಿತ್ತು. ರಾಗಿ ತೆನೆ ಬಿಡುತ್ತಿತ್ತು. ನಡುವೆ ಸಾಲು ಹಿಡಿದು ಹುಚ್ಚೆಳ್ಳು ಹಳದಿ ಹೂವು ಚೆಲ್ಲಿತ್ತು. ಇಂಥ ಬಿಸಿಲು ಬಿಡದಿಯ ಮೇಲೂ ಬೀಳುತ್ತದಾದರೂ ಅಲ್ಲಿ ಅದನ್ನು ನೋಡಲು ಯಾರಿಗೂ ಬಿಡುವಿಲ್ಲ. ಅವನು ಹಿತ್ತಿಲಿನಿಂದ ಬಂದು ಹಿಂಬಾಗಿಲು ತಳ್ಳಿದ.

"ಅವ್ವಾ!"

ಉತ್ತರವಿಲ್ಲ. ನಡುಮನೆಯಲ್ಲಿ ತುಂಬಿದ ಬಾಳೆಲೆ.

ಇಲ್ಲಿ ಓದುಗರು ಅವನನ್ನು ದಡ್ಡನೆಂದು ಬೈಯಬಾರದು. ಎಡೆ ಎಂಬುದು ಯಾವತ್ತೂ ದೊಡ್ಡಪ್ಪನ ಮನೆಯದು, ಫೋಟೋದ ಮುಂದಿನದು. ಅವ್ವನ ಮನೆಯಲ್ಲಿ, ಬರೀ ಗೋಡೆಯ ಮುಂದೆ ಎಲೆ ಹಾಸಿದೆಯೆಂದರೆ ಅದು ತನಗಲ್ಲದೆ ಇನ್ನಾರಿಗೆ? ಆಫ್ತಾಬ್ ಫೋನ್ ಮಾಡಿದ್ದಾನೆ. ಅವ್ವ ಬಡಿಸಿಟ್ಟು, ಮಗನನ್ನು ಎದುರುಗೊಳ್ಳಲು ಬಸ್‌ಸ್ಟಾಪಿಗೆ ಹೋಗಿದ್ದಾಳೆ. ಧೂಪ ಸೊಳ್ಳೆಗೆ. ಹೊಸ ಬಟ್ಟೆ ಹಬ್ಬಕ್ಕೆ. ಎಲ್ಲವೂ ಹೊಂದಿಕೊಂಡಿತು.

ಬೀಡಿ, ಬ್ರಾಂದಿಯನ್ನು ಮಾತ್ರ ಅವನು ಎರಡೆರಡು ಸಲ ಎತ್ತಿ ನೋಡಿದ. ಎಂಟನೇ ಕ್ಲಾಸಿನಲ್ಲಿ ಒಂದು ಬೀಡಿ ಸೇದಿದ್ದಕ್ಕೆ ಒನಕೆ ಹಿಡಿದು ಊರೆಲ್ಲ ಅಟ್ಟಾಡಿಸಿದ್ದ ಅವ್ವ, ಇವತ್ತು ತಾನಾಗಿಯೇ ಕಟ್ಟುಬೀಡಿಯನ್ನು ಬೆಂಕಿಪೊಟ್ಟಣದ ಸಮೇತ ಇಟ್ಟಿದ್ದಾಳೆ! ದುಡಿಯುವ ಮಗ ಎಂದರೆ ಎಷ್ಟು ಗೌರವ! ಓದು ಬಿಟ್ಟವನೆಂದು ಬೈದ ಮೇಷ್ಟರುಗಳೆಲ್ಲ ಈ ಕ್ವಾರ್ಟರನ್ನು ಬಂದು ನೋಡಬೇಕಿತ್ತು.

ಕ್ಯಾಂಟೀನಿನ ಸಮವಸ್ತ್ರ ಕಳಚಿ ಬ್ಯಾಗಿಗೆ ತುರುಕಿ ಹೊಸ ಪಂಚೆ ಉಟ್ಟ, ಅಂಗಿ ತೊಟ್ಟ. ಅವ್ವ ಬರುವವರೆಗೆ ಕಾಯೋಣ ಎಂದುಕೊಂಡ. ಒಂದು ವಡೆ ತಿಂದು ಕಾಯೋಣ ಎಂದುಕೊಂಡ. ವಡೆ ಒಣಗಿತ್ತು, ಸಾರಿಗೆ ಅದ್ದಿ ಕಾಯೋಣ ಎಂದುಕೊಂಡ. ಸಾರು ನಾಲಿಗೆಗೆ ತಾಗಿದ ಮೇಲೆ ಕಾಯುವ ವಿಚಾರವನ್ನು ಅವನು ಮತ್ತೆ ಎತ್ತಲಿಲ್ಲ. ಮೂರು ತಿಂಗಳು ಸಾವಿರ ಜನಕ್ಕೆ ಬಡಿಸಿದವನಿಗೆ ಯಾರೋ ಬಡಿಸಿಟ್ಟಿದ್ದರು. ಎಲೆ ನೆಕ್ಕಿದ. ಬ್ರಾಂದಿಯನ್ನು ಅರ್ಧ ಕುಡಿದು, ಅವ್ವ ಏನಂದುಕೊಂಡಾಳೆಂದು ಅರ್ಧ ಬಿಟ್ಟ. ಗೋಡೆಗೊರಗಿ ಬೀಡಿ ಹಚ್ಚಿದ.

ಧಡ್, ಧಡ್, ಧಡ್.

"ಹಿರೀಕರು ಏಳ್ಬೇಕು! ಮಕ್ಳು ಒಳಿಕ್ ಬತ್ತಾವ್ರೆ!" ದೊಡ್ಡಪ್ಪನ ಗಂಟಲು.

ಕಬ್ಬಾಳನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಧೂಪ ತಿಳಿಯಿತು, ಬೀಡಿ ತಿಳಿಯಿತು, ಬರೀ ಗೋಡೆ ತಿಳಿಯಿತು. ಹಿಂಬಾಗಿಲು ದೂರ, ಅಟ್ಟದ ಏಣಿ ಹತ್ತಿರ. ಬ್ಯಾಗು ಚಪ್ಪಲಿ ಕಂಕುಳಿಗೆ ಅವುಚಿಕೊಂಡು ಕೋತಿಯ ಹಾಗೆ ಅಟ್ಟ ಹತ್ತಿದ. ಕೈಯಲ್ಲಿದ್ದ ಬೀಡಿ ಎಲೆಯ ಅಂಚಿನಲ್ಲೇ ಉಳಿಯಿತು.

ಬಾಗಿಲು ತೆರೆಯಿತು. ಜನ ಒಳಗೆ ಬಂದರು.

ಮೊದಲು ಕಿರುಚಿದವಳು ದೊಡ್ಡಲಕ್ಷ್ಮಮ್ಮ. "ಅಯ್ಯಯ್ಯೋ! ಉಂಡವ್ರೆ ಕಣ್ರಪ್ಪೋ! ವೆಂಕಟಯ್ಯಪ್ಪ ಉಂಡವ್ರೆ!"

"ಸುಮ್ಕಿರಮ್ಮೋ," ಎಂದ ಮಾಯಣ್ಣ. ದನಿ ಮಾತ್ರ ನಡುಗುತ್ತಿತ್ತು. "ನಾಯಿ ಗೀಯಿ ನುಗ್ಗೈತೆ."

"ನಾಯಿ ಬೀಡಿ ಸೇದ್ತದಾ ಮಾಯಣ್ಣ? ನೋಡು, ಇನ್ನೂ ಹೊಗೆ ಆಡ್ತಾ ಐತೆ!"

"ಬೆಕ್ಕಿರ್ಬೋದು."

"ಬೆಕ್ಕು ಪಂಚೆ ಉಟ್ಕೊಂಡೋಯ್ತಾ? ಅಂಗಿ ಎಲ್ಲಿ? ಹೇಳು, ಅಂಗಿ ಎಲ್ಲಿ?"

ಮಾಯಣ್ಣ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಪತ್ತೇದಾರನ ಕಣ್ಣು ಕಿರಿದಾಯಿತು. "ಇದು ನಮ್ಮಪ್ಪ ಅಲ್ಲ ಕಣಮ್ಮೋ. ಅರ್ಧ ಬುಟ್ಟವ್ನೆ. ನಮ್ಮಪ್ಪ ಬದುಕಿದ್ದಾಗ ಒಂದು ದಿನ ಅರ್ಧ ಬುಟ್ಟೋನಲ್ಲ."

"ಸತ್ ಮ್ಯಾಲಾದ್ರೂ ಬುದ್ಧಿ ಬರಬಾರ್ದಾ?"

ಮಾಯಣ್ಣ ಬಾಟಲಿ ಕೆಳಗಿಟ್ಟ. ಆದರೆ ಅವನ ಕೊನೆಯ ಬಾಣ ಬತ್ತಳಿಕೆಯಲ್ಲಿತ್ತು. "ಅಪ್ಪ ಈ ಹೊಸ್ಲು ತುಳಿಯಾಕಿಲ್ಲ ಅಂತ ಆಣೆ ಇಕ್ಕಿದ್ದ. ಊರೇ ಸಾಕ್ಷಿ."

ದೊಡ್ಡಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದಕ್ಕಿಟ್ಟು ಅಡುಗೆಮನೆಯತ್ತ ಬಗ್ಗಿ ನೋಡಿದಳು. ಹಿಂಬಾಗಿಲು ಹಾರೊಡೆದಿತ್ತು.

"ಹೊಸ್ಲು ಅಂದಿದ್ದು ಮುಂದಿಂದು. ಹಿಂದ್ಲ ಬಾಗ್ಲಲ್ಲಿ ಬಂದವ್ರೆ! ಆಣೆನೂ ಮುರೀಲಿಲ್ಲ, ಸೊಸೆ ಎಲೆನೂ ಬುಡಲಿಲ್ಲ. ಅದು ಕಣಪ್ಪ ದೊಡ್ಡೋರು ಅಂದ್ರೆ!"

ವಕೀಲರು ಕಪ್ಪು ಕೋಟು ಹಾಕಿಕೊಂಡು ಕೋರ್ಟಿನಲ್ಲಿ ಯಾಕೆ ಒದ್ದಾಡುತ್ತಾರೋ ತಿಳಿಯದು. ಕೇಸು ಅಲ್ಲಿಗೆ ತೀರ್ಮಾನವಾಯಿತು. ದಾಸಮ್ಮ ಗೋಡೆ ಹಿಡಿದು ಕುಸಿದಳು. "ಬಂದ್ರಾ ಮಾವ, ಬಂದ್ರಾ? ಸಾರಿಗೆ ಉಪ್ಪು ಸರಿ ಇತ್ತಾ?" ಎಂದು ಖಾಲಿ ಎಲೆಯ ಮುಂದೆ ಗೊಳೋ ಎಂದು ಅಳತೊಡಗಿದಳು. ಅಟ್ಟದ ಮೇಲಿನವನು ಸರಿಯಿತ್ತು ಎಂದು ತಲೆಯಾಡಿಸಿದ. ಇಳಿದು ಹೋಗಿ, ತಿಂದವನು ನಾನು ಎಂದುಬಿಡೋಣವೆಂದು ಒಂದು ಕಾಲು ಮುಂದಿಟ್ಟವನು, ಅವ್ವನ ಮುಖ ನೋಡಿ ಆ ಕಾಲನ್ನು ಹಿಂದಕ್ಕೆಳೆದುಕೊಂಡ. ಈಗ ಇಳಿದರೆ ಅವ್ವ ಮಾವ ಒಪ್ಪದ ಸೊಸೆಯಾಗಿಯೇ ಸಾಯುತ್ತಾಳೆ. ಜೊತೆಗೆ ಎಡೆ ನೆಕ್ಕಿದವನ ತಾಯಿ ಎಂಬ ಇನ್ನೊಂದು ಬಿರುದು ಬೇರೆ.

ಸುದ್ದಿ ಊರಿಗೆ ಹಬ್ಬಿತು. ಪಂಚಾಯಿತಿ ಮೆಂಬರ್ ನಾಗಲಕ್ಷ್ಮಮ್ಮ ಬರಲಿಲ್ಲ. ಗೆದ್ದ ದಿನದಿಂದ ಅವಳು ಎಲ್ಲಿಗೂ ಬಂದಿಲ್ಲ. ಅವಳ ಗಂಡ ಬಂದ. ಬಿಳಿ ಪ್ಯಾಂಟು ಮೇಲೆತ್ತಿಕೊಂಡು ಎಲೆಯ ಮುಂದೆ ಮಂಡಿಯೂರಿದ. "ಯಜಮಾನ್ರೇ, ಬಂದಿದ್ದೀರ, ಸಂತೋಸ. ನಮ್ಮೂರ್ ರಸ್ತೆಗೆ ಟಾರು ಯಾವಾಗ ಬೀಳ್ತದೆ, ಅದೊಂದು ಹೇಳ್ಬುಡಿ."

ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಉತ್ತರ ಬರಲಿಲ್ಲ. ಅದು ಸತ್ತವರಿಗೂ ಗೊತ್ತಿಲ್ಲವೆಂದು ಜನ ಅರ್ಥಮಾಡಿಕೊಂಡರು.

ಅಟ್ಟದಲ್ಲಿ ಕಬ್ಬಾಳನ ಪಕ್ಕ ಒಣಮೆಣಸಿನಕಾಯಿಯ ಚೀಲವಿತ್ತು. ಕೆಳಗೆ ಮಾಯಣ್ಣ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಕೈಮುಗಿದು ಮೇಲೆ ನೋಡುತ್ತ ಕೇಳಿದ. "ಅಪ್ಪಾ, ಬೆಳಿಗ್ಗೆ ನನ್ ಮನೇಲಿ ಇಕ್ಕಿದ ಎಲೆ ಇಕ್ದಂಗೇ ಇತ್ತು. ಇಲ್ಲಿ ಮೂಳೆ ಸಮೇತ ಉಂಡಿದ್ದೀಯೆ. ನನ್ ಮ್ಯಾಲೆ ಕ್ವಾಪನಾ ಅಪ್ಪಾ?"

"ಹ್ಯಾಕ್ಷೀ!"

ಮನೆ ತುಂಬ ಜನ ಒಟ್ಟಿಗೆ ನೆಲಕ್ಕೆ ಬಿದ್ದರು. ಮೆಂಬರ್ ಗಂಡನ ಬಿಳಿ ಪ್ಯಾಂಟು ಮೊದಲು ಬಿತ್ತು.

"ಅದೇ ಸೀನು! ಅವರದೇ ಸೀನು!" ಎಂದಳು ದೊಡ್ಡಲಕ್ಷ್ಮಮ್ಮ. "ಮೂರು ಬೀದಿಗೆ ಕೇಳೋದು!"

ಮಾಯಣ್ಣನ ಮುಖ ಬಿಳಿಚಿಕೊಂಡಿತು. "ಒಂಟಿ ಸೀನು ಅಪಶಕುನ. ಅಪ್ಪಾ, ಇನ್ನೊಂದು ಸೀನ್ಬುಡಪ್ಪಾ. ಜೋಡಿ ಆಗ್ಲಿ. ನಿನ್ ಕಾಲಿಗ್ ಬೀಳ್ತೀನಿ, ಒಂಟಿ ಬುಡಬ್ಯಾಡ!"

ಕಬ್ಬಾಳನಿಗೆ ದೊಡ್ಡಪ್ಪನ ಮೇಲೆ ಕರುಣೆ ಬಂತು. ಪ್ರಯತ್ನಪಟ್ಟ. ಮೂಗು ತಿಕ್ಕಿದ, ಮೆಣಸಿನಕಾಯಿ ಚೀಲಕ್ಕೆ ಮುಖ ಹಾಕಿದ. ಬೇಡದಾಗ ಬರುವ ಸೀನು ಬೇಕೆಂದಾಗ ಬರುವುದಿಲ್ಲ. ಅದರ ಸ್ವಭಾವವೂ ಸರ್ಕಾರಿ ಬಸ್ಸಿನದೇ. ಒದ್ದಾಟದಲ್ಲಿ ಮೊಣಕೈ ತಾಗಿ ಒಂದು ಕೊಬ್ಬರಿ ಗಿಟುಕು ಉರುಳಿ, ಅಂಚಿಗೆ ಬಂದು, ಮಾಯಣ್ಣನ ತಲೆಯ ಮೇಲೆ ಸರಿಯಾಗಿ ಬಿತ್ತು.

"ಹೊಡುದ್ರು!" ಎಂದಳು ದೊಡ್ಡಲಕ್ಷ್ಮಮ್ಮ ತೃಪ್ತಿಯಿಂದ.

ತಲೆ ಉಜ್ಜಿಕೊಳ್ಳುತ್ತ ಮಾಯಣ್ಣ ಎದ್ದು ನಿಂತ. ಪೆಟ್ಟು ಬಿದ್ದರೆ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಬುದ್ಧಿ. ಅವನಿಗೆ ಎರಡನೆಯದು ಬಂದಿತ್ತು. "ನಾನ್ ಹತ್ತಿ ನೋಡ್ತೀನಿ. ಅಪ್ಪ ಇದ್ರೆ ಕಾಲು ಮುಟ್ಟಿ ಬತ್ತೀನಿ. ಇಲ್ದಿದ್ರೆ ಯಾವನವ್ನೆ ಅಂತ ಇಲ್ಲೇ ಗೊತ್ತಾಗ್ಲಿ." ಏಣಿಗೆ ಕೈ ಹಾಕಿದ.

"ಬುಡಿ ಭಾವ." ದಾಸಮ್ಮ ಎದ್ದು ಸೆರಗು ಸಿಕ್ಕಿಸಿದಳು. "ನಮ್ ಅಟ್ಟ. ನಮ್ಮಾವ ಬಂದಿರೋದು ನನ್ ಎಲೆಗೆ. ನಾನೇ ಹತ್ತೀನಿ."

ಒಂದೊಂದೇ ಮೆಟ್ಟಿಲು ಹತ್ತಿದಳು. ಅವಳ ತಲೆ ಅಟ್ಟದ ಅಂಚನ್ನು ದಾಟಿತು. ಎದುರಿಗೆ, ಒಣಮೆಣಸಿನಕಾಯಿಗೂ ಕೊಬ್ಬರಿ ರಾಶಿಗೂ ನಡುವೆ, ಮಾವನ ಪಂಚೆ ಅಂಗಿಯಲ್ಲಿ, ತುಟಿಯ ಅಂಚಿಗೆ ಮೊಟ್ಟೆಯ ಹಳದಿ ಅಂಟಿಸಿಕೊಂಡು, ಅವಳ ಮಗ ಮುದುಡಿ ಕೂತಿದ್ದ.

ತಾಯಿ ಮಗನನ್ನು ನೋಡಿದಳು. ಮಗ ತಾಯಿಯನ್ನು ನೋಡಿದ. ಕೆಳಗೆ ಊರು ಇಬ್ಬರನ್ನೂ ಕಾಯುತ್ತಿತ್ತು.

"ಏನೈತೆ ದಾಸಮ್ಮ? ಯಾರವ್ರೆ?" ಮಾಯಣ್ಣ ಕೂಗಿದ.

ದಾಸಮ್ಮನ ಕಣ್ಣು ಮಗನ ಕೊರಳಿನ ಮೂಳೆಯ ಮೇಲೆ ನಿಂತಿತು. ತಾತನ ಅಳತೆಗೆ ತಂದ ಅಂಗಿ ಅಲ್ಲಿ ಜೋತಾಡುತ್ತಿತ್ತು.

"ಅವ್ರೆ," ಎಂದಳು ಹಿಂದೆ ತಿರುಗದೆ.

"ಹೆಂಗವ್ರೆ?"

"ಒಸಿ ಇಳ್ದೋಗವ್ರೆ."

"ಏನಂತಾವ್ರೆ?"

"ಏನೂ ಅನ್ನಾಕಿಲ್ಲ. ಬೋ ಹಸ್ದಿದ್ರು. ಉಂಡವ್ರೆ."

ಅವಳು ಇಳಿದು ಬಂದು, ಏಣಿಯನ್ನು ಗೋಡೆಯಿಂದ ಕಿತ್ತು, ಒಬ್ಬಳೇ ಹೊತ್ತುಕೊಂಡು ಹೋಗಿ ಹಿತ್ತಿಲಿನಲ್ಲಿ ಮಲಗಿಸಿದಳು. "ಇನ್ಯಾರೂ ಹತ್ತಬಾರ್ದು. ಮಲೀಕಂಡವ್ರೆ." ಅವಳ ಕಣ್ಣಲ್ಲಿ ಹರಿಯುತ್ತಿದ್ದ ನೀರು ನೋಡಿ ಎಲ್ಲರೂ ಅಟ್ಟದ ಕಡೆ ಕೈಮುಗಿದರು.

ಮಾಯಣ್ಣ ಸರಕ್ಕನೆ ತನ್ನ ಮನೆಗೆ ಹೋದ. ತಿರುಗಿ ಬಂದಾಗ ಎದೆಗವುಚಿಕೊಂಡು ಅಪ್ಪನ ಫೋಟೋ ತಂದಿದ್ದ. ತಾನೇ ಮೊಳೆ ಹೊಡೆದು ಬರೀ ಗೋಡೆಗೆ ನೇತುಹಾಕಿದ. "ಇನ್ಮ್ಯಾಲೆ ಎಡೆ ಇಲ್ಲೇ ಕಣಮ್ಮ ದಾಸಮ್ಮ. ನಾವೇ ಬತ್ತೀವಿ ನಿನ್ ಮನಿಗೆ." ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ಗೋಡೆಯ ಈಚೆ ಬಂದು ಒಲೆಯ ಮುಂದೆ ಕೂತು ಮುದ್ದೆ ತಿರುವಿದಳು.

ನಡುಮನೆಯಲ್ಲಿ ಎರಡು ಸಾಲು ಎಲೆ ಬಿದ್ದವು. ಅಟ್ಟದ ಹಲಗೆಯ ಸಂದಿನಲ್ಲಿ ಕಣ್ಣಿಟ್ಟು ಕಬ್ಬಾಳ ನೋಡಿದ. ಎಲ್ಲರ ನಡುನೆತ್ತಿ ಕಾಣುತ್ತಿತ್ತು. ಅವ್ವನ ಬೈತಲೆ ಅತ್ತಿತ್ತ ಓಡಾಡುತ್ತಿತ್ತು. ಅವನಿಂದ ಕೈಯಳತೆ ದೂರದಲ್ಲಿ ಅವನ ಮನೆ ಪೂರ್ತಿ ಕೂತು ಉಣ್ಣುತ್ತಿತ್ತು, ನಗುತ್ತಿತ್ತು, ಇನ್ನೊಂಚೂರು ಹಾಕು ಎನ್ನುತ್ತಿತ್ತು.

"ಕಬ್ಬಾಳಣ್ಣನೂ ಇದ್ದಿದ್ರೆ ಚೆನ್ನಾಗಿತ್ತು ದೊಡ್ಡಪ್ಪ," ಎಂದಳು ಅನುಷಾ. "ಆಗ್ಲಿಂದ ಫೋನ್ ಮಾಡ್ತಾ ಇವ್ನಿ, ಸ್ವಿಚ್ ಆಫು."

"ಅವ್ನಿಗೆಲ್ಲಿ ಪುರುಸೊತ್ತವ್ವ? ಅಷ್ಟ್ ದೊಡ್ಡ ಫ್ಯಾಕ್ಟ್ರಿ. ಅವ್ನ್ ಬಂದ್ಬುಟ್ರೆ ಇಂಜಿನ್ ಕೂರ್ಸೋರ್ ಯಾರು?" ಮಾಯಣ್ಣನ ಬಾಯಲ್ಲಿ ಕೋಳಿಕಾಲಿತ್ತು. "ಒಳ್ಳೆ ಉಡ್ಗ ಕಣೆ. ನಾನೇ ಒಸಿ ಸದರ ಮಾಡ್ಬುಟ್ಟೆ. ಬಂದಾಗ ನಮ್ಮನೇಗೂ ಕಳ್ಸು."

ಇದ್ದಾಗ ಒಂದು ದಿನವೂ ಕೇಳದ ಒಳ್ಳೆಯ ಮಾತನ್ನು ಕಬ್ಬಾಳ ಅಟ್ಟದಲ್ಲಿ ಅಂಗಾತ ಮಲಗಿ ಕೇಳಿಸಿಕೊಂಡ. ಎರಡನೆಯ ಸೀನು ಆಗ ಬಂತು. ಪಂಚೆಯನ್ನು ಬಾಯಿಗೆ ತುರುಕಿಕೊಂಡು ನುಂಗಿದ.

ಹೊತ್ತಿಳಿಯುವ ಹೊತ್ತಿಗೆ ಜನ ಕರಗಿದರು. ಅನುಷಾ ದೊಡ್ಡಮ್ಮನ ಜೊತೆ ಪಾತ್ರೆ ತೊಳೆಯಲು ಬಾವಿಕಟ್ಟೆಗೆ ಹೋದಳು. ದಾಸಮ್ಮ ಏಣಿ ತಂದು ಇಟ್ಟಳು. ಮಗ ಇಳಿದು ಬಂದ. ಇಬ್ಬರೂ ಪಿಸುಮಾತಿನಲ್ಲಿದ್ದರು.

"ಆಫ್ತಾಬ ಫೋನ್ ಮಾಡ್ಲಿಲ್ವಾ?"

"ಯಾವ ಆಫ್ತಾಬ? ಯಾರೂ ಮಾಡ್ಲಿಲ್ಲ. ಬಿಚ್ಚು, ಬಿಚ್ಚು. ಪಂಚೆ ಯಾರಾರಾ ನೋಡ್ಬುಟ್ಟಾರು."

ಅವನು ಬ್ಯಾಗಿನಿಂದ ಸಮವಸ್ತ್ರ ತೆಗೆದು ಹಾಕಿಕೊಂಡ. ಎದೆಯ ಮೇಲೆ ಹೊಲಿದಿದ್ದ ಸೌಟು ಬಾಣಲೆಯ ಗುರುತನ್ನು ದಾಸಮ್ಮ ಒಂದು ಗಳಿಗೆ ನೋಡಿದಳು. ಅದು ಕಾರು ಮಾಡುವವರ ಅಂಗಿಯಲ್ಲವೆಂದು ತಿಳಿಯಲು ಓದು ಬೇಕಿರಲಿಲ್ಲ. ಅವಳು ಅದರ ಮೇಲಿದ್ದ ಮೆಣಸಿನಕಾಯಿ ಸಿಪ್ಪೆಯನ್ನು ಕೊಡವಿದಳು, ಅಷ್ಟೇ.

"ಅವ್ವಾ, ನೀನ್ ಉಂಡಿಲ್ಲ ಇನ್ನೂವೆ. ಕೂತ್ಕೊ. ನಾನ್ ಇಕ್ತೀನಿ. ಒಂದ್ ತುತ್ತು ನಿನ್ ಜೊತ್ಗೆ ಉಂಡು ಹೊಂಡ್ತೀನಿ."

ದಾಸಮ್ಮ ಕೂರಲು ಬಗ್ಗಿದಳು. ಅಷ್ಟರಲ್ಲಿ ಬೀದಿಯಲ್ಲಿ ದೊಡ್ಡಲಕ್ಷ್ಮಮ್ಮನ ದನಿ ಕೇಳಿತು. ಪಕ್ಕದೂರಿನ ಹೆಂಗಸರಿಗೆ ಮನೆ ತೋರಿಸಲು ಕರೆತರುತ್ತಿದ್ದಳು. "ಇದೇ ಕಣ್ರವ್ವಾ, ಇದೇ ಮನೆ, ಚಪ್ಲಿ ಆಚೆ ಬುಡಿ!"

"ಹೋಗ್ಬುಡು ಮಗ." ದಾಸಮ್ಮ ನೆಟ್ಟಗಾದಳು. "ಹಿಂದ್ಲ ಬಾಗ್ಲಲ್ಲಿ ಹೋಗ್ಬುಡು. ಇನ್ನೊಂದು ಮಾತು. ಮುಂದ್ಲ ವರ್ಸನೂ ಬರ್ಬೇಕು ನೀನು."

"ಬತ್ತೀನಿ ಕಣವ್ವ. ರಜಾ ಕೇಳ್ಕಂಡೇ ಬತ್ತೀನಿ."

"ಹಂಗಲ್ಲ. ಹಿಂದ್ಲ ಬಾಗ್ಲಲ್ಲೇ ಬರ್ಬೇಕು. ಊರೇ ಕಾಯ್ತಾ ಕೂತಿರ್ತದೆ. ಮಾವ ಈ ವರ್ಸ ಬಂದು ಮುಂದ್ಲ ವರ್ಸ ಬರ್ದಿದ್ರೆ, ದಾಸಮ್ಮ ಏನ್ ತಪ್ ಮಾಡಿದ್ಲೋ ಅಂತಾರೆ. ಬಂದು, ಉಂಡು, ಬಾಗ್ಲು ಬಡಿಯಾಕ್ ಮೊದ್ಲು ಹೊಂಟೋಗ್ಬುಡು. ಬ್ರಾಂದಿ ಪೂರ್ತಿ ಮುಗ್ಸು, ನಿಮ್ ದೊಡ್ಡಪ್ಪಂಗೆ ಅನುಮಾನ."

ಕಂಟ್ರಾಕ್ಟರನ ಕೆಲಸ ಯಾವತ್ತು ಹೋಗುತ್ತದೆಂದು ಯಾರೂ ಹೇಳುವಂತಿಲ್ಲ. ಈ ಎರಡನೆಯ ಕೆಲಸ ಮಾತ್ರ ಅವ್ವ ಇರುವವರೆಗೂ ಗಟ್ಟಿ. ಇದಕ್ಕೆ ಸೂಪರ್‌ವೈಸರ್ ಕೂಡ ಅವ್ವನೇ.

ಕಬ್ಬಾಳ ಬ್ಯಾಗು ಹೆಗಲಿಗೇರಿಸಿದ. "ನನ್ ಜೊತ್ಗೆ ಉಣ್ಣಾಕೆ ಯಾರವ್ವ ಕೂತ್ಕತಾರೆ?"

"ಹಿರೀಕರ ಜೊತ್ಗೆ ಯಾರ್ಲಾ ಕೂತ್ಕತಾರೆ?" ಅವಳು ಅವನ ತುಟಿಯಂಚಿನ ಹಳದಿಯನ್ನು ಸೆರಗಿನಿಂದ ಒರೆಸಿದಳು. "ಬಾಗ್ಲಿಂದಾಚೆ ನಾವೆಲ್ಲಾ ಇರ್ತೀವಲ್ಲ ಮಗ."

ಅವನು ಹಿತ್ತಿಲು ದಾಟಿ, ಗೋಡೆಯ ಮರೆಯಲ್ಲಿ ಚಪ್ಪಲಿ ಮೆಟ್ಟಲು ನಿಂತ. ಒಳಗೆ ಹೆಂಗಸರ ಗಲಾಟೆ ತುಂಬಿತು.

"ಯಾರ್ ಜೊತ್ಗೆ ಮಾತಾಡ್ತಿದ್ದೆ ದಾಸಮ್ಮ? ದನಿ ಕೇಳ್ತಿತ್ತು," ಎಂದಳು ದೊಡ್ಡಲಕ್ಷ್ಮಮ್ಮ.

"ನಮ್ಮಾವ ಹೊಂಟ್ರು ಕಣಕ್ಕ," ಎಂದಳು ಅವನ ಅವ್ವ. "ಕಳ್ಸಿಕೊಟ್ಟೆ."